ಪೋಲೊಗೆ ಶಾರ್ಟ್ ಶಿಫ್ಟರ್: ಡಿಸೆಂಬರ್‌ನಿಂದ ಮೇವರೆಗೆ 4,500 ಕಿಲೋಮೀಟರ್

ನನ್ನ ಫೋಕ್ಸ್‌ವ್ಯಾಗನ್ ಪೋಲೊ ಕಾರಿನಲ್ಲಿ ಮೂರನೇ ಗೇರ್ ಎಲ್ಲಿದೆ ಅಂತ ಯಾರಾದರೂ ಕೇಳಿದ್ದರೆ, ‘ಅಲ್ಲೇ ಎಲ್ಲೋ ಇರಬೇಕು ನೋಡಿ’ ಅನ್ನಬೇಕಿತ್ತು. 2013ರ ಗಾಡಿ. 1.2 ಲೀಟರ್ ಡೀಸೆಲ್, ಮೂರು ಸಿಲಿಂಡರ್. 1 ಲಕ್ಷದ 30 ಸಾವಿರ ಕಿಲೋಮೀಟರ್ ಓಡಿದೆ. ಗೇರ್ ಹಾಕುವುದು ಅಂದರೆ ಅಂಬಲಿಯಲ್ಲಿ ಸೌಟು ತಿರುವಿದ ಹಾಗೆ ಆಗಿತ್ತು.

ನಾನಿರುವುದು ಕಲಬುರಗಿಯಲ್ಲಿ. ದಾಲ್ ಮಿಲ್‌ಗಳ ಲೆಕ್ಕ ಬರೆಯುವ ಕೆಲಸ. ವಾರಕ್ಕೆ ಎರಡು ಸಲ ಸೇಡಂಗೆ ಹೋಗಿ ಬರಬೇಕು. ಆ ರೋಡಿನಲ್ಲಿ ಸಿಮೆಂಟ್ ಲಾರಿಗಳದ್ದೇ ದರಬಾರು. ಮಳಖೇಡ ಬರುವ ಹೊತ್ತಿಗೆ ಒಂದರ ಬಾಲ ಒಂದು ಹಿಡಿದುಕೊಂಡು ಹೊರಟಿರುತ್ತವೆ. ನನ್ನ ಎಂಜಿನ್ 2,000 ಆರ್‌ಪಿಎಂ ಕೆಳಗೆ ನಿದ್ದೆ ಮಾಡುತ್ತದೆ. ಟರ್ಬೊ ಎದ್ದ ಮೇಲೇನೇ ಎಳೆತ. ಹಾಗಾಗಿ ಓವರ್‌ಟೇಕ್ ಮಾಡಬೇಕಾದರೆ ನಾಲ್ಕರಿಂದ ಮೂರಕ್ಕೆ ಇಳಿಸಲೇಬೇಕು. ಆ ಹೊತ್ತಿನಲ್ಲಿ ಮೂರು ಸಿಗದಿದ್ದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು.

ಅದಕ್ಕೆ ಶಾರ್ಟ್ ಶಿಫ್ಟರ್ ತರಿಸಿದೆ, ಅಂದರೆ ಗೇರ್ ಹಾಕುವಾಗ ಕೈ ಸರಿಯುವ ದೂರ ಕಡಿಮೆ ಮಾಡುವ ಕಿಟ್. ₹4,800. ಬಿಳಿ ರಟ್ಟಿನ ಡಬ್ಬಿ, ಮೇಲೆ ಕಂಪನಿ ಹೆಸರೇ ಇಲ್ಲ. ಒಳಗೆ ಒಂದು ಅಲ್ಯೂಮಿನಿಯಂ ಆರ್ಮ್, ಎರಡು ಹೊಸ ಬುಷ್ (ಕೀಲಿನಲ್ಲಿ ಕೂರುವ ಸಣ್ಣ ಬಳೆ), ಕ್ಲಿಪ್‌ಗಳು, ಹೊಳೆಯುವ ಒಂದು ಗೇರ್ ನಾಬ್, ಮತ್ತೆ ಅರ್ಧ ಪುಟದ ಚೀಟಿ. ‘800 ಕಿಲೋಮೀಟರ್ ಓಡಿದ ಮೇಲೆ ಸೆಟ್ ಆಗುತ್ತದೆ’ ಅಂತ ಚೀಟಿ ಹೇಳುತ್ತಿತ್ತು.

ಶಾರ್ಟ್ ಶಿಫ್ಟರ್ ಅಂದ ಕೂಡಲೇ ಎಲ್ಲರೂ ಲಿವರ್ ಕತ್ತರಿಸಿ ಗಿಡ್ಡ ಮಾಡುತ್ತಾರೆ ಅಂದುಕೊಳ್ಳುತ್ತಾರೆ. ನನ್ನ ಗಾಡಿಯಲ್ಲಿ ಒಳಗಿನ ಲಿವರ್ ಮುಟ್ಟುವುದೇ ಇಲ್ಲ. ಅದರಿಂದ ಎರಡು ಕೇಬಲ್ ಗೇರ್‌ಬಾಕ್ಸ್‌ಗೆ ಹೋಗುತ್ತವೆ. ಒಂದು ಹಿಂದೆ ಮುಂದೆಗೆ, ಇನ್ನೊಂದು ಎಡ ಬಲಕ್ಕೆ. ಹಿಂದೆ ಮುಂದಿನ ಕೇಬಲ್ ಹೋಗಿ ಸೇರುವ ಆರ್ಮ್ ಅನ್ನು ಕಿಟ್ ಗಿಡ್ಡ ಮಾಡುತ್ತದೆ, ಅಷ್ಟೇ. ಬಾಗಿಲನ್ನು ಬಿಜಾಗರಿ ಹತ್ತಿರ ತಳ್ಳಿ ನೋಡಿ. ಕೈ ಸ್ವಲ್ಪವೇ ಸರಿದರೂ ಬಾಗಿಲು ಪೂರ್ತಿ ತೆರೆಯುತ್ತದೆ, ಆದರೆ ಬಲ ಜಾಸ್ತಿ ಬೇಕು. ಇಲ್ಲೂ ಅದೇ ಲೆಕ್ಕ. ಒಂದರಿಂದ ಎರಡಕ್ಕೆ ನಾಬ್ ಸರಿಯುವ ದೂರವನ್ನು ಟೇಪ್ ಹಿಡಿದು ಅಳೆದೆ. ಮೊದಲು 14 ಸೆಂಟಿಮೀಟರ್, ಆಮೇಲೆ 10. ಅಂದರೆ ಕೈ ಬಲ ಹೆಚ್ಚುಕಡಿಮೆ 1.4 ಪಟ್ಟು. ಲೆಕ್ಕದವನಾಗಿ ಇದನ್ನು ಕೊಳ್ಳುವ ಮುಂಚೆಯೇ ಯೋಚಿಸಬೇಕಿತ್ತು.

ಹಾಕಿಸಿದ್ದು ಊರಿನ ಒಂದು ಗ್ಯಾರೇಜಿನಲ್ಲಿ. ಹೆಸರು ಬೇಡ. ಮಿಸ್ತ್ರಿ ಡಬ್ಬಿ ನೋಡಿ ಮೊದಲೇ ಹೇಳಿದ್ದ: “ಚೊಲೋ ನಡಿಲತ್ತದಲ್ರೀ ಗಾಡಿ, ಸುಮ್ನೆ ಯಾಕ ಕೈ ಹಚ್ಚಲತ್ತೀರಿ?” ಬ್ಯಾಟರಿ ಬಿಚ್ಚಿದ, ಅದರ ಟ್ರೇ ಬಿಚ್ಚಿದ, ಹಳೇ ಆರ್ಮ್ ತೆಗೆದು ಹೊಸದು ಹಾಕಿದ. ಕೇಬಲ್ ಅಡ್ಜಸ್ಟ್‌ಮೆಂಟ್ ಕಣ್ಣಳತೆಯಲ್ಲೇ ಮುಗಿಸಿದ. ಒಂದೂವರೆ ಗಂಟೆ, ₹700.

ಜಗತ್ ಸರ್ಕಲ್ ತನಕ ಬಂದೆ. ಸಿಗ್ನಲ್ ಬಿಟ್ಟಿತು. ಒಂದನೇ ಗೇರ್ ಅಂತ ಹಾಕಿದ್ದು ಮೂರಕ್ಕೆ ಬಿತ್ತು, ಗಾಡಿ ಬಂದ್. ಮತ್ತೆ ಹಾಕಿದೆ, ಮತ್ತೆ ಮೂರು. ಹಿಂದಿನ ಆಟೊದವನು ಹಾರ್ನ್ ಮೇಲಿಂದ ಕೈ ತೆಗೆಯಲೇ ಇಲ್ಲ. ಕೊನೆಗೆ ಎರಡನೇ ಗೇರಿನಲ್ಲೇ ಕ್ಲಚ್ ಸುಡುತ್ತಾ ಮನೆ ಸೇರಿದೆ.

ಭಾನುವಾರ ಬೆಳಿಗ್ಗೆ ನಾನೇ ಕೂತೆ. ಈ ಗಾಡಿಯಲ್ಲಿ ಕೇಬಲ್ ಹೊಂದಿಸಲು ಒಂದು ಕ್ರಮ ಇದೆ, ಕಣ್ಣಳತೆಗೆ ಜಾಗವೇ ಇಲ್ಲ. ಗೇರ್ ನ್ಯೂಟ್ರಲ್‌ನಲ್ಲಿರಬೇಕು. ಗೇರ್‌ಬಾಕ್ಸ್ ಮೇಲೆ ಎರಡೂ ಕೇಬಲ್‌ಗೆ ಸ್ಪ್ರಿಂಗ್ ಇರುವ ಕಾಲರ್ ಇದೆ. ಅದನ್ನು ಎಳೆದು ತಿರುವಿದರೆ ಅಲ್ಲೇ ಲಾಕ್ ಆಗಿ ಕೇಬಲ್ ಸಡಿಲವಾಗುತ್ತದೆ. ಆಮೇಲೆ ಸೆಲೆಕ್ಟರ್ ಶಾಫ್ಟ್ ಅನ್ನು, ಅಂದರೆ ಗೇರ್ ಆರಿಸುವ ದಂಡವನ್ನು, ಕೆಳಗೆ ಒತ್ತಿ, ಪಕ್ಕದ ಬಾಗಿದ ಸಣ್ಣ ಕಡ್ಡಿ ತಿರುವಿ ಹಿಡಿದು ನಿಲ್ಲಿಸಬೇಕು. ಒಳಗೆ ಬಂದು ಲಿವರಿನ ಲೆದರ್ ಚೀಲ ಎತ್ತಿದರೆ, ಲಿವರಿನಲ್ಲೊಂದು ತೂತು, ಬುಡದಲ್ಲೊಂದು ತೂತು ಕಾಣುತ್ತವೆ. ಎರಡನ್ನೂ ಸೇರಿಸಿ ಪಿನ್ ಹಾಕಬೇಕು. ಕಂಪನಿ ಪಿನ್ ನನ್ನಲ್ಲಿರಲಿಲ್ಲ. ಸೂಪರ್ ಮಾರ್ಕೆಟ್ ಹತ್ತಿರದ ಹಾರ್ಡ್‌ವೇರ್ ಅಂಗಡಿಯಿಂದ ತಂದ 4.5 ಎಂಎಂ ಡ್ರಿಲ್ ಬಿಟ್ ಸರಿಯಾಗಿ ಕೂತಿತು. ಈಗ ಕಾಲರ್ ಬಿಟ್ಟರೆ ಸ್ಪ್ರಿಂಗೇ ಕೇಬಲ್ ಉದ್ದ ಹಿಡಿದುಕೊಳ್ಳುತ್ತದೆ. ಪಿನ್ ತೆಗೆದು, ಕಡ್ಡಿ ಬಿಟ್ಟು ನೋಡಿದೆ. ಐದೂ ಗೇರ್ ಅವವುಗಳ ಮನೆಯಲ್ಲಿದ್ದವು. ಎಲ್ಲಾ ಸೇರಿ 20 ನಿಮಿಷ. ಅಷ್ಟು ಕೆಲಸಕ್ಕೆ ಜಗತ್ ಸರ್ಕಲ್‌ನಲ್ಲಿ ಮರ್ಯಾದೆ ಹೋಯಿತು ನೋಡಿ.

ಇನ್ನು ಓಡಿಸಿದ ಅನುಭವ. ಮೊದಲ 300 ಕಿಲೋಮೀಟರ್ ಬಿಗಿಯಾಗಿತ್ತು. ರಿವರ್ಸ್ ಅಂತೂ ಕೇಳಬೇಡಿ. ನಾಬ್ ಕೆಳಗೆ ಒತ್ತಿ, ಎಡಕ್ಕೆಳೆದು, ಮುಂದಕ್ಕೆ ನೂಕಬೇಕು. ನಮ್ಮ ಓಣಿಯಲ್ಲಿ ಗಾಡಿ ತಿರುಗಿಸುವಷ್ಟರಲ್ಲಿ ಮೊಣಕೈ ನೋಯುತ್ತಿತ್ತು. ಸಾವಿರ ಕಿಲೋಮೀಟರ್ ಹೊತ್ತಿಗೆ ಬುಷ್ ಕೂತು ಇದು ಸರಿಹೋಯಿತು. ಆದರೆ ಚಳಿಯಲ್ಲಿ ಬೆಳಿಗ್ಗೆ ಎರಡನೇ ಗೇರ್ ಕಟಕ್ ಅಂತ ತಡೆಯುವುದು ಹೋಗಲಿಲ್ಲ. ಗೇರ್ ಆಯಿಲ್ ಬಿಸಿಯಾಗುವ ತನಕ ಹಾಗೇ. ಮಾರ್ಚ್‌ನಲ್ಲಿ ಅದೂ ನಿಂತಿತು. ಕಿಟ್ ಪಳಗಿತು ಅಂತ ಖುಷಿಪಟ್ಟೆ. ಆಮೇಲೆ ಹೊಳೆಯಿತು, ಬೆಳಿಗ್ಗೆ ಎಂಟಕ್ಕೇ ಬಿಸಿಲು ಏರುತ್ತಿದೆ, ಆಯಿಲ್ ಗಟ್ಟಿಯಾಗಲು ಚಳಿ ಎಲ್ಲಿದೆ ಅಂತ. ಮುಂದಿನ ಡಿಸೆಂಬರ್‌ನಲ್ಲಿ ಕಟಕ್ ವಾಪಸ್ ಬರುತ್ತದೆ ಅಂತಲೇ ನನ್ನ ಅಂದಾಜು.

ಕಟಕ್ ಬರಲು ಇನ್ನೊಂದು ಕಾರಣವೂ ಇದೆ. ಹಳೇ ಆರ್ಮ್ ಮೇಲೆ ಮುಷ್ಟಿಯಂಥ ಕಬ್ಬಿಣದ ಗುಂಡು ಇದೆ. ಅದು ಸುಮ್ನೆ ಇಟ್ಟಿದ್ದಲ್ಲ. ಕೈ ತಳ್ಳಿದ ಮೇಲೆ ಆ ತೂಕವೇ ಸಿಂಕ್ರೊ (ಗೇರ್ ಸೇರುವ ಮುಂಚೆ ವೇಗ ಹೊಂದಿಸುವ ರಿಂಗ್) ದಾಟುವ ತನಕ ನೂಕಿಕೊಂಡು ಹೋಗುತ್ತದೆ. ನನ್ನ ಕಿಟ್‌ನ ಆರ್ಮ್‌ನಲ್ಲಿ ಆ ತೂಕ ಇಲ್ಲ. ಹಗುರ ಅಂತ ಡಬ್ಬಿ ಮೇಲೆ ಹೆಮ್ಮೆಯಿಂದ ಬರೆದಿದ್ದರು ಬೇರೆ! ನೀವು ಕೊಳ್ಳುವುದಾದರೆ ತೂಕ ಇರುವುದನ್ನೇ ಹುಡುಕಿ. ದೂರ ಕಡಿಮೆಯಾಯಿತು ಅಂತ ಗೇರನ್ನು ಗುದ್ದಲೂ ಬೇಡಿ. ಸಿಂಕ್ರೊ ರಿಂಗ್‌ಗೆ ಎರಡು ಕಡೆಯ ವೇಗ ಹೊಂದಿಸಲು ಸ್ವಲ್ಪ ಹೊತ್ತು ಬೇಕೇ ಬೇಕು. ಅವಸರ ಮಾಡಿದರೆ ಸವೆಯುವುದು ಅದೇ.

ಹೊಳೆಯುವ ನಾಬ್ ಬಗ್ಗೆ ಒಂದೇ ಮಾತು. ಮೇ ತಿಂಗಳು, 43 ಡಿಗ್ರಿ, ಮಿಲ್ ಅಂಗಳದಲ್ಲಿ ನಿಲ್ಲಿಸಿದ ಗಾಡಿ. ಟವೆಲ್ ಸುತ್ತಿ ಗೇರ್ ಹಾಕಿದ್ದೇನೆ. ಈಗ ಹಳೇ ನಾಬೇ ವಾಪಸ್ ಬಂದಿದೆ.

ಒಂದು ಅನುಮಾನ ಮಾತ್ರ ತಲೆಯಲ್ಲಿ ಕೊರೆಯುತ್ತಿತ್ತು. ಹಳೇ ಬುಷ್ ತೆಗೆದಾಗ ಅದರ ತೂತು ಉದ್ದುದ್ದ ಸವೆದಿತ್ತು. ಹಾಗಾದರೆ ಗೇರ್ ಈಗ ನೇರ ಬೀಳುತ್ತಿರುವುದು ಗಿಡ್ಡ ಆರ್ಮ್‌ನಿಂದಲೋ, ಹೊಸ ಬುಷ್‌ನಿಂದಲೋ? ಏಪ್ರಿಲ್‌ನಲ್ಲಿ ಹೊಸ ಬುಷ್ ಉಳಿಸಿಕೊಂಡು ಹಳೇ ಆರ್ಮ್ ಹಾಕಿ ಒಂದು ವಾರ ಓಡಿಸಿದೆ. ಅಂಬಲಿ ಮಾಯ! ದೂರ ಮೊದಲಿನಷ್ಟೇ, ಆದರೆ ಮೂರು ಇದ್ದಲ್ಲೇ ಸಿಗುತ್ತಿತ್ತು. ನನಗೆ ಸಿಕ್ಕ ಸುಖದಲ್ಲಿ ಅರ್ಧಕ್ಕಿಂತ ಜಾಸ್ತಿ ಬುಷ್‌ನದ್ದೇ. ನಿಮ್ಮ ಗೇರ್ ಅಲ್ಲಾಡುತ್ತಿದ್ದರೆ ಮೊದಲು ಬುಷ್ ಮತ್ತು ಕೇಬಲ್ ಅಡ್ಜಸ್ಟ್‌ಮೆಂಟ್ ನೋಡಿಸಿ. ಕಿಟ್ ಆಮೇಲಿನ ಮಾತು.

ಅಷ್ಟು ಗೊತ್ತಾದ ಮೇಲೂ ನಾನು ಕಿಟ್ ವಾಪಸ್ ಹಾಕಿದೆ. ಸೇಡಂ ರೋಡಿನಲ್ಲಿ ಲಾರಿ ಹಿಂದಿನಿಂದ ನಾಲ್ಕರಿಂದ ಮೂರಕ್ಕೆ ಮಣಿಕಟ್ಟಿನಲ್ಲೇ ಇಳಿಯುತ್ತದಲ್ಲ, ಆ ಮಜಾ ಬಿಡಲಾಗಲಿಲ್ಲ. ಹೆಂಡತಿಗೆ ಮಾತ್ರ ಹಳೆಯದೇ ಇಷ್ಟ. “ಜಿಮ್‌ಗೆ ಹೋಗೋದು ಬ್ಯಾಡ, ನಿಮ್ಮ ಗಾಡಿ ನಡಸಿದ್ರ ಸಾಕು” ಅನ್ನುತ್ತಾಳೆ. ಮುಂದಿನ ತಿಂಗಳು ಗಾಡಿ ತಗೊಂಡು ಬೀದರ್‌ಗೆ ತವರಿಗೆ ಹೋಗುವವಳಿದ್ದಾಳೆ, ಅಷ್ಟರಲ್ಲಿ ಹಳೇ ಆರ್ಮ್ ಹಾಕಿಕೊಡಬೇಕಂತೆ. ಪೇಪರಿನಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟಿದ್ದೇನೆ. ಬ್ಯಾಟರಿ ಬಿಚ್ಚಿದರೆ ಡ್ಯಾಶ್‌ಬೋರ್ಡಿನ ಗಡಿಯಾರ ಮತ್ತೆ ಮೊದಲಿನಿಂದ ಸೆಟ್ ಮಾಡಬೇಕು, ಅದೊಂದೇ ಬೇಜಾರು.