ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಕೆಲಸ: ಮನೆ ದೇವನಹಳ್ಳಿಯಲ್ಲೋ, ಯಲಹಂಕದಲ್ಲೋ?

ಬಾಡಿಗೆ ಮನೆ ಹುಡುಕುವವರು ಮೊದಲು ಕಿಲೋಮೀಟರ್ ಲೆಕ್ಕ ಹಾಕುತ್ತಾರೆ. ಏರ್‌ಪೋರ್ಟ್ ಕೆಲಸಕ್ಕೆ ಅದಕ್ಕಿಂತ ಮುಖ್ಯ ಶಿಫ್ಟ್. ಬೆಳಗ್ಗೆ ಆರಕ್ಕೆ ಡ್ಯೂಟಿ ಎಂದರೆ ಗೇಟಿನ ತಪಾಸಣೆ, ಹಾಜರಾತಿ ಎಲ್ಲ ಸೇರಿ ಐದೂಕಾಲರ ಹೊತ್ತಿಗೆ ಗೇಟಿನಲ್ಲಿರಬೇಕು. ಅಷ್ಟು ಹೊತ್ತಿಗೆ ನಿಮ್ಮ ಬೀದಿಯಿಂದ ಯಾವ ಗಾಡಿ ಸಿಗುತ್ತದೆ ಎಂದು ನೋಡಿ ಊರು ಆರಿಸಿ.

ರಾತ್ರಿ ಪಾಳಿಯ ಒಂಟಿ ನೌಕರರಿಗೆ ದೇವನಹಳ್ಳಿ ಪಟ್ಟಣವೇ ವಾಸಿ. ನಿಲ್ದಾಣದ ಉತ್ತರಕ್ಕಿರುವುದರಿಂದ, ಬೆಂಗಳೂರು ಕಡೆಯ ಹೆದ್ದಾರಿಯಲ್ಲಿರುವ ಸಾದಹಳ್ಳಿ ಟೋಲ್ ದಾಟುವ ಪ್ರಮೇಯವೇ ಇಲ್ಲ. ದಿನವೂ ಕಾರು ತರುವವರಿಗೆ ಇದು ಸಣ್ಣ ಉಳಿತಾಯವಲ್ಲ. ಎರಡೂ ರನ್‌ವೇಗಳು ಪೂರ್ವ-ಪಶ್ಚಿಮವಾಗಿವೆ, ಹಾಗಾಗಿ ಸದ್ದಿನ ಕಾಟ ಆ ನೇರದಲ್ಲಿರುವ ಹಳ್ಳಿಗಳಿಗೇ ಹೆಚ್ಚು. ಕೋಟೆಯೊಳಗಿನ ಓಣಿಗಳಲ್ಲಿ ಕಾರು ನಿಲ್ಲಿಸಲಾಗದು, ಬೈಕಾದರೆ ಸರಿ. ಚಕೋತಕ್ಕೆ ಹೆಸರಾದ ಈ ಊರಿನ ತೋಟಗಳು ಲೇಔಟ್‌ಗಳಾಗುತ್ತಿರುವುದು ನೋವಿನ ಸಂಗತಿ, ಆ ಲೇಔಟ್‌ಗಳ ಹೊಸ ಮನೆಗಳಲ್ಲಿ ನೀರೇ ದೊಡ್ಡ ಸಮಸ್ಯೆ. ಕೊಳವೆಬಾವಿ ಇದೆ ಎಂದರಷ್ಟಕ್ಕೆ ಒಪ್ಪಬೇಡಿ. ಏಪ್ರಿಲ್‌ನಲ್ಲಿ ಎಷ್ಟು ಟ್ಯಾಂಕರ್ ತರಿಸಿದರು, ದುಡ್ಡು ಯಾರು ಕೊಟ್ಟರು ಎಂದು ಪಕ್ಕದ ಬಾಡಿಗೆದಾರರನ್ನೇ ಕೇಳಿ.

ಇಲ್ಲಿನ ಪಿಜಿಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಜಾಹೀರಾತಿನಲ್ಲಿ ಮೂರು ಹೊತ್ತು ಊಟ ಎಂದಿರುತ್ತದೆ, ಆದರೆ ತಿಂಡಿ ಎಂಟಕ್ಕೆ, ರಾತ್ರಿಯೂಟ ಎಂಟರ ಮೇಲೆ. ಎರಡರಿಂದ ಹತ್ತರ ಪಾಳಿಯವರಿಗೆ ರಾತ್ರಿಯೂಟ ತಪ್ಪುತ್ತದೆ, ಬೆಳಗಿನ ಪಾಳಿಯವರಿಗೆ ತಿಂಡಿ. ಡಬ್ಬಿ ಕಟ್ಟಿಕೊಡುತ್ತಾರಾ, ಗೇಟಿಗೆ ಬೀಗ ಎಷ್ಟಕ್ಕೆ, ನಾಲ್ಕಕ್ಕೆ ಬಿಸಿನೀರು ಬರುತ್ತದಾ ಎಂದು ಮೊದಲೇ ಕೇಳಿ. ಕೋಣೆಯಲ್ಲಿ ಬೇರೆ ಬೇರೆ ಶಿಫ್ಟಿನವರಿದ್ದರೆ ಯಾರಿಗೂ ನಿದ್ದೆಯಿಲ್ಲ. ಒಂದೇ ಶಿಫ್ಟಿನವರನ್ನು ಒಟ್ಟಿಗೆ ಹಾಕುವ ಪಿಜಿ ಸಿಕ್ಕರೆ ಐನೂರು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಕೋಣೆ ನೋಡಲು ಮಧ್ಯಾಹ್ನ ಎರಡು ಗಂಟೆಗೆ ಹೋಗಿ. ನೈಟ್ ಮುಗಿಸಿದವರು ಮಲಗುವ ಹೊತ್ತು ಅದು; ಶೀಟಿನ ಮಾಡಿನ ಸೆಕೆ, ಪಕ್ಕದ ಕಟ್ಟಡ ಕೆಲಸದ ಸದ್ದು ಆಗಲೇ ತಿಳಿಯುವುದು.

ಮಕ್ಕಳಿರುವ ಕುಟುಂಬಕ್ಕೆ ಯಲಹಂಕ ನ್ಯೂಟೌನ್ ಮೇಲು. ಶಾಲೆ, ಆಸ್ಪತ್ರೆ, ಮಾರುಕಟ್ಟೆ ಎಲ್ಲ ಕೈಗೆಟಕುತ್ತವೆ. ಆದರೆ 2021ರಲ್ಲಿ ಶುರುವಾದ ಏರ್‌ಪೋರ್ಟ್ ಹಾಲ್ಟ್ ಸ್ಟೇಷನ್ ನಂಬಿ ಮನೆ ಮಾಡಬೇಡಿ: ರೈಲುಗಳು ಕಡಿಮೆ, ವೇಳೆ ಶಿಫ್ಟಿಗೆ ಹೊಂದುವುದಿಲ್ಲ. ಬಸ್ಸಿನಲ್ಲೂ ಒಂದು ತೊಡಕಿದೆ. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ ಉಚಿತ, ಏರ್‌ಪೋರ್ಟಿಗೆ ಹೋಗುವ ಎಸಿ ಬಸ್ಸಾದ ವಾಯುವಜ್ರಕ್ಕೆ ಟಿಕೆಟ್ ತೆಗೆದುಕೊಳ್ಳಲೇಬೇಕು. ದೇವನಹಳ್ಳಿ ಕಡೆಯ ಸಾಮಾನ್ಯ ಬಸ್ ಹೆದ್ದಾರಿಯಲ್ಲೇ ಇಳಿಸಿ ಹೋಗುತ್ತದೆ. ಅಲ್ಲಿಂದ ಟರ್ಮಿನಲ್ ಇನ್ನೂ ಮೂರ್ನಾಲ್ಕು ಕಿಲೋಮೀಟರ್. ವಾಯುಪಡೆ ನೆಲೆ ಇಲ್ಲೇ ಇರುವುದರಿಂದ ಏರ್ ಶೋ ಸಮಯದಲ್ಲಿ ಏರ್‌ಪೋರ್ಟಿಗೆ ಹೋಗುವ ಬಳ್ಳಾರಿ ರಸ್ತೆ ಕಿಕ್ಕಿರಿಯುತ್ತದೆ, ಆ ವಾರ ಮುಕ್ಕಾಲು ಗಂಟೆ ಮುಂಚೆ ಹೊರಡಿ.

ಹೆಬ್ಬಾಳದಿಂದ ಆಚೆ, ನಗರದೊಳಗೆ, ಮನೆ ಬೇಡ. ಬೆಳಗಿನ ಜಾವ ರಸ್ತೆ ಖಾಲಿ ಇರುತ್ತದೆ ನಿಜ, ಆದರೆ ಸಂಜೆ ಮರಳುವಾಗ ಹೆಬ್ಬಾಳದ ಮೇಲ್ಸೇತುವೆ ನಿಮ್ಮ ವಿಶ್ರಾಂತಿಯ ಗಂಟೆಯನ್ನೇ ತಿಂದುಬಿಡುತ್ತದೆ. ಬಾಗಲೂರು ಕಡೆ ಟೋಲ್ ಇಲ್ಲದ ದಾರಿಯುಂಟು. ಸ್ವಂತ ಗಾಡಿ ಇದ್ದರೆ ಮಾತ್ರ ಯೋಚಿಸಿ.

ಎಲ್ಲಿದ್ದರೂ ಬೈಕಿನವರು ಎರಡು ವಿಷಯ ಗಮನದಲ್ಲಿಡಿ. ನವೆಂಬರ್‌ನಿಂದ ಫೆಬ್ರವರಿವರೆಗೆ ನಸುಕಿನಲ್ಲಿ ದಟ್ಟ ಮಂಜು. ಶನಿವಾರ, ಭಾನುವಾರ ಅದೇ ಹೊತ್ತಿಗೆ ನಂದಿ ಬೆಟ್ಟಕ್ಕೆ ಹೊರಟವರ ಗಾಡಿಗಳ ಓಟ. ಸರ್ವಿಸ್ ರಸ್ತೆ ಇರುವಲ್ಲಿ ಅದನ್ನೇ ಹಿಡಿಯಿರಿ. ಕಂಪನಿಯ ಕ್ಯಾಬ್ ಇದ್ದರೆ ಮನೆ ಬಾಗಿಲಿಗೆ ಬರುತ್ತದೋ, ಮುಖ್ಯರಸ್ತೆಯಲ್ಲೇ ಹತ್ತಬೇಕೋ ಎಂದು ಮುಂಗಡ ಕೊಡುವ ಮೊದಲು ತಿಳಿದುಕೊಳ್ಳಿ.

ಕರಾರುಪತ್ರ ಇಲ್ಲದ ಮನೆಯಂತೂ ಬೇಡವೇ ಬೇಡ. ಏರ್‌ಪೋರ್ಟ್ ಪಾಸಿಗೆ ಪೊಲೀಸ್ ಪರಿಶೀಲನೆ ಆಗಬೇಕು, ಅದಕ್ಕೆ ವಿಳಾಸದ ದಾಖಲೆ ಬೇಕು. ಬಾಯಿಮಾತಿನಲ್ಲಿ ಬಾಡಿಗೆ ಕೊಡುವ ಮಾಲೀಕರು ಆ ಹೊತ್ತಿಗೆ ಕೈಕೊಟ್ಟರೆ ಪಾಸ್ ತಡವಾಗುತ್ತದೆ, ಪಾಸ್ ಇಲ್ಲದೆ ಒಳಗೆ ಕೆಲಸವಿಲ್ಲ. ಇ-ಸ್ಟಾಂಪ್ ಕಾಗದದ ಮೇಲೆ ಹನ್ನೊಂದು ತಿಂಗಳ ಕರಾರು ಮಾಡಿಸಿ, ಹೆಸರಿನ ಅಕ್ಷರಗಳು ಆಧಾರ್‌ನಲ್ಲಿರುವಂತೆಯೇ ಇವೆಯೇ ಎಂದು ಸಹಿ ಹಾಕುವ ಮುನ್ನ ನೋಡಿಕೊಳ್ಳಿ.