ಕಣ್ಣೂರು ವಿಮಾನ ನಿಲ್ದಾಣ ಬರೀ 42 ಕಿ.ಮೀ. ಎಂದರೆ ನಂಬಬೇಡಿ

ವಿರಾಜಪೇಟೆ, ಗೋಣಿಕೊಪ್ಪ ಕಡೆಯಿಂದ ಕಣ್ಣೂರಿಗೆ ಹೋಗಿ ವಿಮಾನ ಹತ್ತುವವರು ದಯವಿಟ್ಟು ಇದನ್ನು ಓದಿ. ಟಿಕೆಟ್, ಕಾರು ಎರಡನ್ನೂ ಒಟ್ಟಿಗೆ ಮಾಡಿಕೊಡುತ್ತೇವೆ ಎಂದ ಪ್ರವಾಸ ಕಚೇರಿಯೊಂದರಿಂದ ನಮ್ಮ ಚಿಕ್ಕಪ್ಪನಿಗೆ ಅಬುಧಾಬಿ ವಿಮಾನ ತಪ್ಪಿತು. ಕಚೇರಿಯ ಹೆಸರು ಬರೆಯುವುದಿಲ್ಲ. ಇಂಥ ಲೆಕ್ಕ ಒಪ್ಪಿಸುವವರು ಅವರೊಬ್ಬರೇ ಅಲ್ಲ.

ಅವರು ಕೊಟ್ಟ ಹಾಳೆಯಲ್ಲಿ ‘ವಿರಾಜಪೇಟೆಯಿಂದ ನಿಲ್ದಾಣಕ್ಕೆ ದೂರ 42 ಕಿ.ಮೀ., ಪ್ರಯಾಣ ಒಂದು ಗಂಟೆ’ ಎಂದು ಅಚ್ಚಾಗಿತ್ತು. ಕಾರು ಬರುವ ಹೊತ್ತನ್ನೂ ಅವರೇ ಗೊತ್ತು ಮಾಡಿದ್ದರು. ಬೇಗ ಕಳುಹಿಸಿ ಎಂದರೆ, ‘ಇಲ್ಲೇ ಪಕ್ಕದಲ್ಲಿದೆಯಲ್ಲ’ ಎಂಬ ಉತ್ತರ ಬಂತು. ಪೆರುಂಬಾಡಿ ದಾಟಿ ಮಾಕುಟ್ಟ ಘಾಟಿಗೆ ಇಳಿಯುವಾಗ ಜಿಟಿಜಿಟಿ ಮಳೆ. ತಿರುವೊಂದರಲ್ಲಿ ಮರದ ದಿಮ್ಮಿ ಹೊತ್ತ ಲಾರಿ ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ಅಡ್ಡ ನಿಂತಿತ್ತು. ಕ್ಲೀನರ್ ಚಕ್ರಕ್ಕೆ ಕಲ್ಲು ಕೊಡುತ್ತಿದ್ದ, ಚಿಕ್ಕಪ್ಪ ಗಡಿಯಾರ ನೋಡುತ್ತಿದ್ದರು. ಕೂಟುಪುಳ, ಇರಿಟ್ಟಿ ದಾಟಿ ನಿಲ್ದಾಣವಿರುವ ಮಟ್ಟನ್ನೂರು ತಲುಪುವಷ್ಟರಲ್ಲಿ ಕೌಂಟರ್ ಮುಚ್ಚಿತ್ತು. ವಿದೇಶಿ ವಿಮಾನಕ್ಕೆ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತಾರೆ, ಎಷ್ಟು ಬೇಡಿಕೊಂಡರೂ ತೆರೆಯುವುದಿಲ್ಲ.

42 ಎಂಬುದು ಸುಳ್ಳು ಅಂಕಿಯಲ್ಲ. ಅದು ವೈಮಾನಿಕ ದೂರ. ಎರಡು ಊರುಗಳ ಅಕ್ಷಾಂಶ, ರೇಖಾಂಶ ಹಿಡಿದು ಭೂಮಿಯ ಮೇಲೆ ನೇರ ಗೆರೆ ಎಳೆದರೆ ಬರುವ ದೂರ. ಆ ಗೆರೆಗೆ ಬೆಟ್ಟವೂ ಇಲ್ಲ, ಹೊಳೆಯೂ ಇಲ್ಲ, ಚೆಕ್‌ಪೋಸ್ಟೂ ಇಲ್ಲ. ರಸ್ತೆಯಲ್ಲಿ ಅದೇ ದೂರ 60 ಕಿ.ಮೀ. ಹತ್ತಿರ, ಅದರಲ್ಲೂ ಒಂದು ದೊಡ್ಡ ಪಾಲು ಘಾಟಿ. ಮಳೆಗಾಲದಲ್ಲಿ ಎರಡು ಗಂಟೆಯೂ ಸಾಲದು.

ಇದಕ್ಕಿಂತ ಸಿಟ್ಟು ಬಂದದ್ದು ಬಿಲ್ ನೋಡಿದಾಗ. ಅದರಲ್ಲಿ ಹೋಗಿ ಬರುವ ಪೂರ್ತಿ ರಸ್ತೆಯ ಕಿಲೋಮೀಟರ್, ಮೇಲೆ ಕೇರಳದ ಪರ್ಮಿಟ್ ಖರ್ಚು. ಸಮಯ ಹೇಳುವಾಗ ಆಕಾಶದ ದೂರ, ದುಡ್ಡು ಕೇಳುವಾಗ ನೆಲದ ದೂರ!

ಮಂಗಳೂರಿನ ಕಥೆಯೂ ಇದೇ. ಮಡಿಕೇರಿಯಿಂದ ಅಲ್ಲಿನ ವಿಮಾನ ನಿಲ್ದಾಣವಿರುವ ಬಜ್ಪೆಗೆ ನೇರವಾಗಿ 110 ಕಿ.ಮೀ. ಆಸುಪಾಸು. ಸಂಪಾಜೆ, ಸುಳ್ಯ, ಪುತ್ತೂರು ಸುತ್ತಿ ಹೋದರೆ 140ರ ಹತ್ತಿರ ಆಗುತ್ತದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಆ ರಸ್ತೆ ವಾರಗಟ್ಟಲೆ ಮುಚ್ಚಿದ್ದನ್ನು ನಾವ್ಯಾರೂ ಮರೆತಿಲ್ಲ. ಮೈಸೂರಿನ ಮಂಡಕಳ್ಳಿ ನಿಲ್ದಾಣದ ಕಡೆಗೆ ಕುಶಾಲನಗರ, ಹುಣಸೂರು ದಾರಿಯಲ್ಲಿ ಇಂಥ ಘಾಟಿಯಿಲ್ಲ, ಅಂದಾಜು ಅಷ್ಟಾಗಿ ಕೈಕೊಡುವುದಿಲ್ಲ. ಆದರೆ ಅಲ್ಲಿಂದ ಹಾರುವ ವಿಮಾನಗಳೇ ಬೆರಳೆಣಿಕೆಯಷ್ಟು. ಕೆಲವು ಜಾಲತಾಣಗಳಂತೂ ಮಡಿಕೇರಿಯಿಂದ ಮಂಗಳೂರಿಗೆ ‘ವಿಮಾನದಲ್ಲಿ ಹತ್ತು ನಿಮಿಷ’ ಎಂದು ತೋರಿಸುತ್ತವೆ. ಕೊಡಗಿನಲ್ಲಿ ವಿಮಾನ ನಿಲ್ದಾಣವೇ ಇಲ್ಲ, ಹತ್ತುವುದು ಎಲ್ಲಿ, ಮಡಿಕೇರಿಯ ರಾಜಾಸೀಟು ಉದ್ಯಾನದಲ್ಲೇ?

ಕಾರು ಗೊತ್ತು ಮಾಡುವಾಗ ಹೇಳಿದ್ದು ರಸ್ತೆಯ ದೂರವೇ ಎಂದು ಕೇಳಿ, ಹೊರಡುವ ಹೊತ್ತಿನ ಜೊತೆಗೆ ಬರೆಸಿಕೊಳ್ಳಿ. ಹಿಂದಿನ ಸಂಜೆ ಮಾಕುಟ್ಟ ದಾರಿಯ ಸ್ಥಿತಿಯನ್ನು ಆ ದಿನವೇ ಓಡಾಡಿದ ಚಾಲಕರಲ್ಲಿ ವಿಚಾರಿಸಿ. ಹೊಸ ಟಿಕೆಟ್ಟಿನ ಹಣ ಕೇಳಲು ಹೋದಾಗ ಕಚೇರಿಯವರು, ‘ನಾವು ಹೇಳಿದ ದೂರ ಸರಿಯಾಗಿಯೇ ಇದೆ’ ಎಂದು ಕೈತೊಳೆದುಕೊಂಡರು. ಹಾಳೆ, ಬಿಲ್ ಎರಡೂ ನಮ್ಮ ಹತ್ತಿರ ಭದ್ರವಾಗಿವೆ. ಗ್ರಾಹಕರ ಆಯೋಗಕ್ಕೆ ದೂರು ಕೊಡಲು 2 ವರ್ಷ ಅವಕಾಶವಿದೆ, ನಿಮಗೂ ಹೀಗಾಗಿದ್ದರೆ ಚೀಟಿ ಎಸೆಯಬೇಡಿ.