ಪಿಆರ್‌ಐ ಲೈನ್ ಪರೀಕ್ಷೆ: ಅಲಾರಂ, ಲೂಪ್ ಪ್ಲಗ್, ಇ-1 ಟೆಸ್ಟರ್

ಕಚೇರಿಯ ಇಪಿಎಬಿಎಕ್ಸ್‌ಗೆ (ಕಚೇರಿಯೊಳಗಿನ ದೂರವಾಣಿ ವಿನಿಮಯ ಯಂತ್ರ) ಬರುವ ಪಿಆರ್‌ಐ ಲೈನ್ (ಹಲವು ಕರೆಗಳನ್ನು ಒಟ್ಟಿಗೆ ಸಾಗಿಸುವ ಡಿಜಿಟಲ್ ಲೈನ್) ಕೈಕೊಟ್ಟಾಗ, ದೋಷ ಆ ಲೈನ್ ಬಂದು ಸೇರುವ ನಮ್ಮ ಕಾರ್ಡಿನದೋ, ಕಟ್ಟಡದೊಳಗಿನ ಕೇಬಲ್ಲಿನದೋ, ದೂರವಾಣಿ ಸಂಸ್ಥೆಯ ಕಡೆಯದೋ ಎಂಬುದನ್ನು ಮೊದಲು ತೀರ್ಮಾನಿಸಬೇಕಾಗುತ್ತದೆ. ಇದಕ್ಕಾಗಿ ನಾನು ಕಾರ್ಡಿನ ಅಲಾರಂ, ಲೂಪ್ ಪ್ಲಗ್ ಮತ್ತು ಇ-1 ಟೆಸ್ಟರ್ (ಇಂಥ ಲೈನನ್ನು ಅಳೆಯುವ ಉಪಕರಣ) ಮೂರನ್ನೂ ಬಳಸಿ ನೋಡಿದ್ದೇನೆ.

ಅಲಾರಂ ಓದಲು ಖರ್ಚಿಲ್ಲ, ಅದು ಯಾವ ದಿಕ್ಕಿನ ದೋಷವನ್ನು ಹೇಳುತ್ತಿದೆ ಎಂಬುದು ಗೊತ್ತಿದ್ದರೆ ಸಾಕು. ಎಲ್‌ಒಎಸ್ ಎಂದರೆ ನಮ್ಮ ಕಾರ್ಡಿಗೆ ಸಿಗ್ನಲ್ಲೇ ಬರುತ್ತಿಲ್ಲ. ಎಐಎಸ್ ಇದ್ದರೆ ಬರುವ ಸಿಗ್ನಲ್ಲಿನ ತುಂಬ ಬರೀ 1ಗಳಿವೆ. ನಡುವಿನ ಉಪಕರಣವೊಂದು ತನಗೆ ಹಿಂದಿನಿಂದ ಏನೂ ಸಿಗದಿದ್ದಾಗ ಹೀಗೆ ಕಳುಹಿಸುತ್ತದೆಯಾದ್ದರಿಂದ ದೋಷ ಅದರ ಆಚೆಗಿರುತ್ತದೆ. ಆರ್‌ಎಐ ಬಂದಾಗ ಹಲವರು ಸಂಸ್ಥೆಗೆ ದೂರು ಕೊಟ್ಟು ಕಾಯುತ್ತಾರೆ. ಆದರೆ ಅದರ ಅರ್ಥ, ಎದುರಿನ ಸಿಗ್ನಲ್ ನಮಗೆ ತಲುಪುತ್ತಿದೆ, ನಮ್ಮದು ಅವರಿಗೆ ಸರಿಯಾಗಿ ತಲುಪುತ್ತಿಲ್ಲ ಎಂದು. ಆಗ ಮೊದಲು ನೋಡಬೇಕಾದದ್ದು ನಮ್ಮ ಕಳುಹಿಸುವ ಜೋಡಿ ತಂತಿಯನ್ನೇ.

ಆ ತಂತಿಯನ್ನು ಪರೀಕ್ಷಿಸಲು ಲೂಪ್ ಪ್ಲಗ್ಗಿನಷ್ಟು ನೇರವಾದ ಸಾಧನ ನನಗೆ ಸಿಕ್ಕಿಲ್ಲ. ಸಾಮಾನ್ಯ ಜೋಡಣೆಯ ಆರ್‌ಜೆ45 ಪ್ಲಗ್ಗಿನಲ್ಲಿ 1ನೇ ಪಿನ್ನನ್ನು 4ಕ್ಕೂ 2ನೆಯದನ್ನು 5ಕ್ಕೂ ಸೇರಿಸಿದರೆ ಕಾರ್ಡು ಕಳುಹಿಸಿದ್ದು ಅದಕ್ಕೇ ಮರಳುತ್ತದೆ. ಮೊದಲು ಕಾರ್ಡಿನ ಬುಡದಲ್ಲಿ, ಅನಂತರ ಕೇಬಲ್ಲಿನ ಆ ತುದಿಯಲ್ಲಿ ಲೂಪ್ ಹಾಕಬೇಕು. ಬುಡದಲ್ಲಿ ಅಲಾರಂ ಹೋಗಿ ತುದಿಯಲ್ಲಿ ಉಳಿದರೆ ದೋಷ ಕೇಬಲ್ಲಿನದು. ಲೂಪ್ ಹಾಕಿದಾಗ ಕರೆಗಳ ಸಂಕೇತಗಳನ್ನು ಸಾಗಿಸುವ ಡಿ ಚಾನೆಲ್ ಮೇಲೇಳುವುದಿಲ್ಲ, ಏಕೆಂದರೆ ಒಂದು ಕಡೆ ನೆಟ್‌ವರ್ಕ್, ಇನ್ನೊಂದು ಕಡೆ ಬಳಕೆದಾರ ಎಂಬ ಎರಡು ಬೇರೆ ಪಾತ್ರಗಳಿಲ್ಲದೆ ಅದು ಕೆಲಸ ಮಾಡದು. ಅದನ್ನು ಕಾರ್ಡಿನ ದೋಷವೆಂದು ತಿಳಿಯಬಾರದು.

ಲೂಪ್ ಪ್ಲಗ್ಗಿಗೆ ಎಂದೂ ಸಿಗದ ದೋಷವೊಂದಿದೆ: ಕ್ಲಾಕ್ ಸ್ಲಿಪ್, ಅಂದರೆ ಎರಡು ಕಡೆಯವರ ಬಿಟ್‌ಗಳ ವೇಗ ಹೊಂದದೆ ಆಗುವ ಜಾರುವಿಕೆ. ಒಂದು ಜಾಗದಲ್ಲಿ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು, ಹಸಿರು ದೀಪ ಉರಿಯುತ್ತಿತ್ತು, ಲೂಪ್ ಕೂಡ ಶುದ್ಧವಾಗಿತ್ತು, ಆದರೆ ಫ್ಯಾಕ್ಸ್ ಮಾತ್ರ ಅರ್ಧದಲ್ಲೇ ಕಡಿದುಹೋಗುತ್ತಿತ್ತು. ಇಪಿಎಬಿಎಕ್ಸ್ ಲೈನಿನ ಕ್ಲಾಕನ್ನು ಅನುಸರಿಸದೆ ತನ್ನದೇ ಕ್ಲಾಕಿನಲ್ಲಿ ಓಡುತ್ತಿತ್ತು. ಎರಡರ ನಡುವೆ ಹತ್ತು ಲಕ್ಷಕ್ಕೆ 1ರಷ್ಟೇ ವ್ಯತ್ಯಾಸವಿದ್ದರೂ 125 ಸೆಕೆಂಡಿಗೊಮ್ಮೆ 125 ಮೈಕ್ರೋಸೆಕೆಂಡಿನ ಒಂದು ಫ್ರೇಮ್ (ಬಿಟ್‌ಗಳ ಒಂದು ಕಂತೆ) ಬಿಟ್ಟುಹೋಗುತ್ತದೆ ಅಥವಾ ಎರಡು ಬಾರಿ ಬರುತ್ತದೆ. ಕಿವಿ ಅದನ್ನು ಗಮನಿಸದು, ಫ್ಯಾಕ್ಸ್ ಸಹಿಸದು. ಲೂಪಿನಲ್ಲಿ ಕಾರ್ಡು ತನ್ನ ಕ್ಲಾಕನ್ನೇ ತಾನು ಕೇಳಿಸಿಕೊಳ್ಳುವುದರಿಂದ ಅಲ್ಲಿ ಸ್ಲಿಪ್ ಆಗುವ ಪ್ರಶ್ನೆಯೇ ಇಲ್ಲ. ಎರಡೂ ದಿಕ್ಕುಗಳನ್ನು ಒಟ್ಟಿಗೆ ಅಳೆಯುವ ಟೆಸ್ಟರ್ ಮಾತ್ರ ಅದನ್ನು ಹಿಡಿದುಕೊಟ್ಟಿತು.

ಸಿಆರ್‌ಸಿ-4 (ಸಿಗ್ನಲ್ಲಿನೊಳಗೇ ಇರುವ ತಪ್ಪು ಪತ್ತೆಯ ಸಂಕೇತ) ದೋಷಗಳನ್ನು ಲೈನ್ ನಿಲ್ಲಿಸದೆಯೇ ಎಣಿಸುವುದು ಟೆಸ್ಟರಿನ ಇನ್ನೊಂದು ಬಲ. ಬಿಟ್ ದೋಷದ ಪೂರ್ಣ ಪರೀಕ್ಷೆಗೆ ಮಾತ್ರ ಲೈನನ್ನು ಸೇವೆಯಿಂದ ತೆಗೆದು, ಎದುರಿನವರಿಂದ ಲೂಪ್ ಹಾಕಿಸಿಕೊಳ್ಳಬೇಕು. ಆದ್ದರಿಂದ ಲೈನ್ ಪೂರ್ತಿ ಸತ್ತಿದ್ದರೆ ನಾನು ಲೂಪ್ ಪ್ಲಗ್ಗನ್ನೇ ಮೊದಲು ಕೈಗೆತ್ತಿಕೊಳ್ಳುತ್ತೇನೆ. ಲೈನ್ ಬದುಕಿದ್ದೂ ಕಾಟ ಕೊಡುತ್ತಿದ್ದರೆ ಟೆಸ್ಟರ್ ಬಾಡಿಗೆಗೆ ತರುವುದೇ ಸರಿ. ನಡೆಯುತ್ತಿರುವ ಲೈನಿಗೆ ಅದನ್ನು ಸಮಾಂತರವಾಗಿ ಜೋಡಿಸುವ ಮುನ್ನ ಹೈ ಇಂಪಿಡೆನ್ಸ್ (ಸಿಗ್ನಲ್ಲನ್ನು ಅಷ್ಟಾಗಿ ಹೀರದ) ಆಯ್ಕೆಯಲ್ಲಿದೆಯೇ ಎಂದು ನೋಡಲೇಬೇಕು, ಏಕೆಂದರೆ 120 ಓಮ್ ಆಯ್ಕೆಯಲ್ಲೇ ಜೋಡಿಸಿದರೆ ಸಿಗ್ನಲ್ ಕುಗ್ಗಿ, ಇಲ್ಲದ ಅಲಾರಂ ಟೆಸ್ಟರಿನಿಂದಲೇ ಹುಟ್ಟಬಹುದು.